ಹೆಡರ್ ಫೈಲಿನ ಕೊನೆಯ ಸಾಲು

ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಹತ್ತಿರ, ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವು ಪಂಪ್‌ಸೆಟ್ಟಿನ ಸ್ಟಾರ್ಟರ್ ಪ್ಯಾನಲ್ಲುಗಳಿಗೆ ಪ್ರೋಗ್ರಾಮು ಬರೆಯುತ್ತೇವೆ. ಎಲ್ಲ ಫೈಲುಗಳೂ ಮೊದಲು ಓದಿಕೊಳ್ಳುವ ಒಂದು ಹೆಡರ್ ಫೈಲಿದೆ. ಅದನ್ನು ಬರೆದವನು ನಾನು. ಅದರಲ್ಲಿ ಆರು ಕಡೆ, ದೊಡ್ಡ ಸಂಖ್ಯೆಯನ್ನು ಚಿಕ್ಕ ಜಾಗಕ್ಕೆ ಹಾಕುತ್ತಿದ್ದೀರಿ ಎಂದು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ವಾರ್ನಿಂಗು ಕೊಡುತ್ತಿತ್ತು. ಅಲ್ಲಿ ಅದು ಬೇಕೆಂದೇ ಮಾಡಿದ್ದು. ಆದರೆ ಹೆಡರನ್ನು ಓದುವ ಪ್ರತಿ ಫೈಲಿಗೂ ಅದೇ ಆರು ಮತ್ತೆ ಬಂದು ಪರದೆ ತುಂಬಿಹೋಗುತ್ತಿತ್ತು. ಎರಡು ವರ್ಷ ನಾನು, ಅದನ್ನು ನೋಡಬೇಡಿ ಎನ್ನುತ್ತಿದ್ದೆ.

ನಾಗಮಂಗಲದಿಂದ ಬಸ್ಸಿನಲ್ಲಿ ಬರುವ ಹೊಸ ಸಹೋದ್ಯೋಗಿ ಒಂದೇ ಮಧ್ಯಾಹ್ನ ಪರದೆ ಖಾಲಿ ಮಾಡಿದ. ಯಜಮಾನರು ಅವನ ಕುರ್ಚಿಯ ಹಿಂದೆ ನಿಂತು ನನಗೆ ಹೇಳಿದರು: “ನೀನು ಎಲ್ಡ್ ವರ್ಸ ನೋಡ್ಬ್ಯಾಡಿ ಅಂತಿದ್ದೆ. ಇವ್ನು ಊಟ ಆದ್ಮೇಲೆ ಕುಂತು ಗುಡ್ಸಾಕ್ಬುಟ್ಟ ಕಣ್ಲಾ.”

ನಾನು ನಕ್ಕೆ.

ಸೋಮವಾರ ಬೇಗ ಬಂದು ಅವನು ಬದಲಿಸಿದ್ದನ್ನು ತೆರೆದೆ. ಕಲಿಯಲು ಅಲ್ಲ, ತಪ್ಪು ಹುಡುಕಲು. ಹತ್ತು ನಿಮಿಷದಲ್ಲಿ ಸಿಕ್ಕಿತು. ಹೆಡರಿನ ಆರಂಭದಲ್ಲಿ ಆ ಬಗೆಯ ವಾರ್ನಿಂಗನ್ನು ಸುಮ್ಮನಿರಿಸುವ ಸಾಲು ಇತ್ತು. ಕೊನೆಯಲ್ಲಿ ಅದನ್ನು ಮತ್ತೆ ಬರಲು ಬಿಡುವ ಸಾಲು ಇರಲಿಲ್ಲ. ಹೆಡರನ್ನು ಓದಿದ ಯಾವ ಫೈಲಿನಲ್ಲೂ ಕಂಪೈಲರ್ ಇನ್ನು ಆ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಅಷ್ಟರಲ್ಲಿ ಅವನು ಬಂದು, ಟೀ ಕುಡಿಯೋಣ ನಡಿಯಣ್ಣ ಎಂದ. ಹೋದೆ, ಟೀ ಕುಡಿದೆ, ಹೇಳಲಿಲ್ಲ. ಅವನ ತಪ್ಪು ಯಜಮಾನರ ಕಣ್ಣಿಗೆ ತಾನಾಗಿ ಬೀಳಲಿ ಎಂದು ಕಾದೆ.

ಆ ವಾರ ನಾನು ಬರೆದ ಪ್ರೋಗ್ರಾಮು ಒಂದು ಹೊಸ ಪ್ಯಾನಲ್ಲಿನಲ್ಲಿ ಕ್ಯಾತನಹಳ್ಳಿಗೆ ಹೋಯಿತು. ಕೆಲವು ದಿನಗಳ ಮೇಲೆ, ಮೋಟರು ಸುಟ್ಟಿದೆ ಎಂದು ಅಲ್ಲಿಂದ ಫೋನು ಬಂತು. ನನ್ನ ಬೈಕಿನಲ್ಲಿ ನಾನೂ ಆ ಸಹೋದ್ಯೋಗಿಯೂ ಹೋದೆವು. ಕಬ್ಬಿನ ಗದ್ದೆಯ ಬದಿಯ ಶೆಡ್ಡಿನಲ್ಲಿ ಸುಟ್ಟ ವಾರ್ನಿಷಿನ ವಾಸನೆ ಇನ್ನೂ ಇತ್ತು. ಗದ್ದೆಯವರು ಬೈಯಲಿಲ್ಲ. “ಬಾವೀಲಿ ನೀರಿಲ್ಲ ಅಂತ ನಿಂತ್ಕತಿತ್ತು ಕಣಪ್ಪ. ಒಂದ್ ಬೀಡಿ ಅಚ್ಕೊಳೋ ಅಷ್ಟ್ರಲ್ಲಿ ತಿರ್ಗಾ ಎದ್ಬುಡದು,” ಎಂದರು.

ಬಾವಿಯಲ್ಲಿ ನೀರು ಊರಲೆಂದು, ಹಾಗೆ ನಿಂತ ಮೋಟರು ಮತ್ತೆ ಏಳಲು ಮುನ್ನೂರು ಸೆಕೆಂಡು ಕಾಯಬೇಕು. ಮೋಟರಿನ ತಂತಿ ಬಿಚ್ಚಿ, ಪ್ಯಾನಲ್ಲನ್ನು ಮಾತ್ರ ಚಾಲೂ ಮಾಡಿ, ಗಡಿಯಾರ ನೋಡುತ್ತ ಎಣಿಸಿದೆ. ನಲವತ್ತನಾಲ್ಕಕ್ಕೆ ಮೋಟರನ್ನು ಎಬ್ಬಿಸುವ ಸ್ವಿಚ್ಚು ಟಕ್ ಎಂದಿತು. ಮತ್ತೆ ಎಣಿಸಿದೆ. ನಲವತ್ತನಾಲ್ಕು. ಇನ್ನೂರೈವತ್ತೈದರವರೆಗೆ ಹಿಡಿದು ಇನ್ನೂರೈವತ್ತಾರಕ್ಕೆ ಮತ್ತೆ ಸೊನ್ನೆಯಾಗುವ ಜಾಗದಲ್ಲಿ ಮುನ್ನೂರನ್ನು ಇಟ್ಟರೆ ಉಳಿಯುವುದು ಅಷ್ಟೇ. ಇಟ್ಟವನು ನಾನು.

ಕಚೇರಿಯಲ್ಲಿ ಅವನು, ಇದಕ್ಕೆ ವಾರ್ನಿಂಗು ಯಾಕೆ ಬರಲಿಲ್ಲ ಎಂದು ಹೆಡರು ತೆರೆದು ನೋಡಿ, ಕೊನೆಗೆ ಬಿಟ್ಟುಹೋದ ಆ ಸಾಲು ಸೇರಿಸಿ ಕಂಪೈಲ್ ಮಾಡಿದ. ಹೆಡರಿನೊಳಗಿನ ಆ ಹಳೆಯ ಆರು ವಾರ್ನಿಂಗುಗಳೂ ಬರಲಿಲ್ಲ. ಬಂದದ್ದು ಒಂದೇ ವಾರ್ನಿಂಗು: ನನ್ನ ಫೈಲು, ಆ ಮುನ್ನೂರು. ಅವನು ಪರದೆಯನ್ನು ಯಜಮಾನರ ಕೋಣೆಗೆ ಕಾಣದಂತೆ ಸ್ವಲ್ಪ ತಿರುಗಿಸಿದ.

“ಬುಡಣ್ಣ. ಅದ್ರ ಬಾಯ್ ಮುಚ್ಸಿದ್ದು ನಾನು ತಾನೆ? ನಾನೇ ಯೋಳ್ತೀನಿ.”

ಇಷ್ಟು ಸುಲಭವಾಗಿ ಹೇಳಬಲ್ಲನಲ್ಲ ಎಂದು ಆಗಲೂ ಹೊಟ್ಟೆ ಉರಿಯಿತು.

ಯಜಮಾನರನ್ನು ನಾನೇ ಕರೆದೆ. ಮುನ್ನೂರನ್ನು ತೋರಿಸಿದೆ. ಆಮೇಲೆ, ಬಿಟ್ಟುಹೋದ ಸಾಲನ್ನು ಸೋಮವಾರವೇ ಕಂಡಿದ್ದೆ, ಹೇಳಲಿಲ್ಲ ಎಂದೆ. ಅವರು ಬೈದ ಮಾತುಗಳು ನೆನಪಿಲ್ಲ. ಅವನು ನನ್ನ ಕಡೆ ನೋಡದೆ ಪರದೆಯನ್ನು ಮೊದಲಿದ್ದಂತೆ ತಿರುಗಿಸಿಟ್ಟ.

ಗದ್ದೆಯವರಿಗೆ ಹೊಸ ಮೋಟರು ಹಾಕಿಸಿಕೊಟ್ಟೆವು. ಅವನು ಈಗಲೂ ನನ್ನ ಪಕ್ಕದಲ್ಲೇ ಕೂರುತ್ತಾನೆ. ಹೆಡರಿಗೆ ಏನು ಸೇರಿಸಿದರೂ ಮೊದಲು ನನಗೆ ತೋರಿಸುತ್ತಾನೆ. ಅಣ್ಣ ಎನ್ನುವುದಿಲ್ಲ; ಒಂದು ಸಲ ನೋಡಿ ಸಾರ್, ಎನ್ನುತ್ತಾನೆ.