ಎಮ್ಮೆ ನೋಡಲು ಬಂದವನು

ನಮ್ಮ ಹಿತ್ತಲಿನ ಹುಂಜ ದಿನವೂ ಒಂದೇ ಮೋಸ ಮಾಡುತ್ತದೆ. ನೆಲ ಕೆದರಿ, ಕಾಳು ಸಿಕ್ಕಂತೆ ಕೊಕ್ ಕೊಕ್ ಎಂದು ಕರೆಯುತ್ತದೆ. ಕೋಳಿ ಓಡಿಬಂದು ನೋಡಿದರೆ ಬರೀ ಮಣ್ಣು. ಅಷ್ಟರಲ್ಲಿ ಹುಂಜ ಒಂದು ರೆಕ್ಕೆ ಇಳಿಬಿಟ್ಟು ಅದರ ಸುತ್ತ ಕುಣಿಯತೊಡಗಿರುತ್ತದೆ. ಗಂಡಸರ ಬಗ್ಗೆ ನನಗೆ ಗೊತ್ತಿರುವುದೂ ಇಷ್ಟೇ. ನನ್ನನ್ನು ಮೆಚ್ಚಿ ದೇವದುರ್ಗಕ್ಕೆ ಕರೆದೊಯ್ದವನ ಸವಿಮಾತು ಅರಿಶಿಣದ ಬಣ್ಣ ಇಳಿಯುವ ಮುಂಚೆಯೇ ಮುಗಿದಿತ್ತು. ಮಾನ್ವಿಗೆ, ಅವ್ವನ ಮನೆಗೆ ತಿರುಗಿ ಬಂದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮೇವು ತರುವವರಿಲ್ಲದೆ ಎಮ್ಮೆ ಮಾರುವುದೆಂದು ಹೇಳಿಟ್ಟಿದ್ದೆವು. ನೀರಮಾನ್ವಿಯಿಂದ ಒಬ್ಬ ನೋಡಲು ಬಂದ. ನನಗೆ ಮೊದಲು ಹುಟ್ಟಿದ್ದು ಅನುಮಾನ. ನಮ್ಮಲ್ಲಿ ಹೆಣ್ಣು ನೋಡುವವರು ನೇರವಾಗಿ ಬರುವ ಮುಂಚೆ ದನ ನೋಡುವ ನೆಪದಲ್ಲಿ ಬಂದುಹೋಗುವುದುಂಟು. ಹುಡುಗಿ ಒಪ್ಪಿಗೆಯಾಗದಿದ್ದರೆ ಎಮ್ಮೆ ಸರಿಯಿಲ್ಲವೆಂದು ಎದ್ದುಹೋಗಬಹುದು. ಮನೆಯಲ್ಲಿ ಮೂವತ್ತು ದಾಟಿದ ನನ್ನ ತಂಗಿ ಇದ್ದಳು. ರಾಯಚೂರಿನವರು ಹಾಗೆಯೇ ಬಂದು, ಎಮ್ಮೆಯ ಕೊಂಬು ಚೆಂದಿಲ್ಲ ಎಂದು ಹೋದ ಮೇಲೆ ಅವಳು ಎಷ್ಟೋ ದಿನ ಸರಿಯಾಗಿ ಉಂಡಿರಲಿಲ್ಲ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ.

"ಮನ್ಯಾಗ ಯಾರ್ಯಾರು ಅದೀರಿ?" ಎಂದು ಕೇಳಿದೆ.

"ನಾನು, ನಮ್ಮವ್ವ, ಇಬ್ಬರ ರೀ ಅಕ್ಕಾರ."

ಮದುವೆ ಯಾಕಾಗಿಲ್ಲವೆಂದರೆ ಸುಮ್ಮನೆ ನಕ್ಕ. ಆ ನಗು ಕಂಡು ಅನುಮಾನ ಇನ್ನಷ್ಟು ಬಲಿಯಿತು.

ತಂಗಿ ಚಾ ತಂದಳು. ಅವನು ತಲೆ ಎತ್ತದೆ ಕಪ್ಪು ಇಸಿದುಕೊಂಡು ಎಮ್ಮೆಯ ಕೆಚ್ಚಲನ್ನೇ ನೋಡುತ್ತಿದ್ದ. ನೋಡದ ಗಂಡಸು ನೋಡುವವನಿಗಿಂತ ಚಾಲಾಕು. ಕೋಣವೂ ಏನೂ ಅರಿಯದಂತೆ ಎಮ್ಮೆಯ ಪಕ್ಕದಲ್ಲಿ ಬಹಳ ಹೊತ್ತು ನಿಂತಿರುತ್ತದೆ; ಮೂಗು ಮೇಲೆತ್ತಿ ತುಟಿ ಸುರುಟಿದಾಗಲೇ ಅದರ ಮನಸ್ಸು ತಿಳಿಯುವುದು.

ಕೊಳ್ಳುವವನು ತಾನೇ ಹಾಲು ಹಿಂಡಿ ನೋಡಬೇಕು, ವ್ಯಾಪಾರದ ಮಾತು ಆಮೇಲೆ. ಅವನು ನನ್ನ ಜೊತೆ ಒಳಗೆ ಬಂದು ಅವ್ವನನ್ನು ಮಾತಾಡಿಸಿ, ಮತ್ತೆ ಹಿತ್ತಲಿಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಹಿಂಡಿದ. ಪಳಗಿದ ಕೈ. ಆದರೂ ನಾನು ದಿನಾ ತುಂಬಿಸುವ ಬಕೇಟು ಅರ್ಧಕ್ಕೇ ನಿಂತಿತು. "ಇನ್ನೊಮ್ಮಿ ಬಂದು ನೋಡ್ತೀನ್ರಿ" ಎಂದು ಹೋದ. ಮುಂದಿನ ವಾರ ಫೋನು ಮಾಡಿ ಬಂದ. ಅಂದೂ ಅರ್ಧ ಬಕೇಟು. ಮತ್ತೆ ಬರುತ್ತೇನೆಂದ.

"ಯವ್ವಾ, ಅಂವ ಬೇಕಂತ ಪೂರಾ ಹಿಂಡವಲ್ಲ," ಎಂದು ಅವ್ವನಿಗೆ ಹೇಳಿದೆ. "ಎಮ್ಮಿ ಬರೇ ನೆಪ. ಕಣ್ಣು ನಮ್ಮ ಹುಡುಗಿ ಮ್ಯಾಲ ಅದ."

ಅವನು ಮತ್ತೆ ಬರುವ ಸಂಜೆ, ಈ ಸಲ ಕಳ್ಳಾಟ ಹಿಡಿಯಲೇಬೇಕೆಂದು ಮೊದಲೇ ಹಿತ್ತಲಿಗೆ ಹೋದೆ. ತಂಗಿ ಕರುವಿನ ಹಗ್ಗ ಬಿಚ್ಚುತ್ತಿದ್ದಳು. ಅವನು ಬಂದ ದಿನಗಳಲ್ಲಿ ಅರ್ಧ ಹಾಲು ಯಾರ ಹೊಟ್ಟೆಗೆ ಹೋಗಿತ್ತೆಂದು ಆಗ ತಿಳಿಯಿತು. ಹಗ್ಗ ಕಸಿದುಕೊಂಡೆ.

"ಏನ್ ಮಾಡಾಕತ್ತೀ ಬೇ?"

ಅವಳು ಬೆದರಲಿಲ್ಲ. ಹಣೆಗೆ ಹೊಸ ಟಿಕಳಿ ಹಚ್ಚಿಕೊಂಡಿದ್ದಳು.

"ಬಕೀಟ ತುಂಬಿದ್ರ ಎಮ್ಮಿ ಹೊಡ್ಕೊಂಡು ಹೋಗ್ತಾನ. ಆಮ್ಯಾಲ ಯಾಕ ಬರ್ತಾನ ಯಕ್ಕಾ ಅಂವ?"

ನಾನು ಅವನೊಬ್ಬನನ್ನೇ ಕಾದು ನೋಡಿದ್ದೆ. ಅವಳ ಕಡೆ ಒಮ್ಮೆಯೂ ಕಣ್ಣು ಹೊರಳಿಸಿರಲಿಲ್ಲ. ಅವನಿಗೆ ನಿಜಕ್ಕೂ ಎಮ್ಮೆಯೇ ಬೇಕಾಗಿದ್ದರೆ ಏನು ಗತಿ ಎಂದು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅಷ್ಟರಲ್ಲಿ ಮುಂಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು.

"ಅಕ್ಕಾರ, ಅದೀರೇನ್ರಿ?"

ಹಗ್ಗ ಬಿಟ್ಟೆ. ಕರು ಓಡಿಹೋಗಿ ಕೆಚ್ಚಲಿಗೆ ಬಾಯಿ ಹಾಕಿತು.

"ಬರ್ರಿ, ಕುಂದರ್ರಿ," ಎಂದು ಹಿತ್ತಲಿನಿಂದಲೇ ಕೂಗಿ ಹೇಳಿದೆ. "ಮೊದ್ಲ ಚಾ ಕುಡೀರಿ. ಹಿಂಡಾಕ ಏನ್ ಅವಸರ ಅದ?"