ಹೊಸ್ತಿಲು ದಾಟಿದ ಎಡಗೈ

ನಾರಾಯಣಪೇಟೆಯ ನಮ್ಮ ಮನೆಯ ಕಟ್ಟೆಗೆ ತಾಗಿದ ಗೋಡೆಯಲ್ಲಿ ಒಂದು ಗೂಡಿದೆ. ಗೂಡಿನಲ್ಲಿ ಒಂದು ಸ್ಟೀಲಿನ ತಾಟು, ಒಂದು ಲೋಟ. ಈ ಎರಡು ಪಾತ್ರೆಗಳ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ನನ್ನ ಆಯುಷ್ಯದ ಒಳ್ಳೆಯ ಭಾಗವೊಂದು ಕಳೆದುಹೋಗಿದೆ. ಸಿಂಹಾಸನಕ್ಕಾಗಿ ಕುದ್ದವರ ಕಥೆಯನ್ನು ಇತಿಹಾಸವೆಂದು ಮಕ್ಕಳಿಗೆ ಓದಿಸುತ್ತೇವೆ. ತಾಟಿಗಾಗಿ ಕುದ್ದವನೂ ಎರಡು ಮಾತು ಬರೆದಿಟ್ಟರೆ ತಪ್ಪೇನಿಲ್ಲ.

ತಾಟು ನನ್ನ ಬಾಲ್ಯದ ಗೆಳೆಯನದು. ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ಈಗ ಕುರಿ ವ್ಯಾಪಾರದಲ್ಲಿ ದುಡ್ಡು ಮಾಡಿ, ಟ್ರಾಲಿ ಆಟೋ ಇಟ್ಟುಕೊಂಡು, ಬೆರಳಿಗೆ ದಪ್ಪ ಉಂಗುರ ಹಾಕಿ ತಿರುಗುತ್ತಾನೆ. ಭಾನುವಾರ ಅವನ ಒಲೆಯ ಮೇಲೆ ಏನು ಬೇಯುತ್ತದೆಂಬುದು ಓಣಿಗೆಲ್ಲ ಮೂಗಿನಿಂದಲೇ ತಿಳಿಯುತ್ತದೆ. ನಮ್ಮದು ಲಿಂಗ ಕಟ್ಟಿದ ಮನೆ, ಅದರಲ್ಲೂ ಬಿಗಿಯಾದ ಮನೆ. ಕೊರಳಲ್ಲಿ ಲಿಂಗವಿಲ್ಲದವನು ನಮ್ಮ ಲೆಕ್ಕದಲ್ಲಿ ಭವಿ. ಭವಿ ಹೊಸ್ತಿಲು ದಾಟುವಂತಿಲ್ಲ, ಪೂಜೆಯ ಹೊತ್ತಿಗೆ ಅವನ ದೃಷ್ಟಿ ಲಿಂಗದ ಮೇಲೆ ಬೀಳುವಂತಿಲ್ಲ. ಕಟ್ಟೆಯ ಮೇಲೆ ಮಾತ್ರ ಅವನಿಗೆ ಸಕಲ ಮರ್ಯಾದೆ. ಹಾಗಾಗಿ ನನ್ನ ಗೆಳೆಯ ಕಟ್ಟೆಯ ಮೇಲೆ ಅಪ್ಪನ ಎದುರು ಕೂತು ಮಳೆಯ ಸುದ್ದಿ, ಸೀರೆಯ ಪೇಟೆಯ ಸುದ್ದಿ ಮಾತಾಡುತ್ತಾನೆ. ಅವ್ವ ಬಡಿಸಿದ ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಾನೆ. ಉಂಡಾದ ಮೇಲೆ ನಮ್ಮವರ ಪದ್ಧತಿಯಂತೆ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿದುಬಿಡುತ್ತಾನೆ. ಪ್ರಸಾದದ ಒಂದು ಅಗುಳೂ ಕೆಡಬಾರದೆಂಬ ಈ ನೇಮವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ಕಲಿತು, ಅಪ್ಪನ ಕಣ್ಣೆದುರು ಮಾಡಿ ತೋರಿಸಿ, ಮೆಚ್ಚುಗೆ ಗಿಟ್ಟಿಸಿದ. ಅದೇ ನೇಮವನ್ನು ನನಗೆ ಬೆನ್ನಿಗೆ ಬಡಿದು ಕಲಿಸಿದ್ದರು.

ನನಗೆ ಆ ಕಟ್ಟೆಯೂ ಇರಲಿಲ್ಲ. ಏಕೆಂದರೆ ಅವನು ಹುಟ್ಟಿನಿಂದ ಭವಿ, ನಾನು ಬುದ್ಧಿಪೂರ್ವಕ ಭವಿ. ಹೊರಗೆ ಹುಟ್ಟಿದವನು ಅತಿಥಿ. ಒಳಗಿಂದ ಹೊರಗೆ ಹೋದವನು ಏನೆಂಬುದಕ್ಕೆ ನಮ್ಮವರಲ್ಲಿ ಮರ್ಯಾದೆಯ ಪದವಿಲ್ಲ.

ಲಿಂಗ ಬಿಟ್ಟಿದ್ದಕ್ಕೆ ದೊಡ್ಡ ಕಾರಣ ಕೇಳಿದವರಿಗೆಲ್ಲ ನನ್ನಿಂದ ನಿರಾಶೆಯೇ ಆಗಿದೆ. ನಾನು ಗದ್ವಾಲದಲ್ಲಿ ಕನ್ನಡಕದ ಅಂಗಡಿ ಇಟ್ಟ ಹೊಸತು. ಪೂಜೆಯಾಗದೆ ಗುಟುಕು ನೀರೂ ಕುಡಿಯಬಾರದೆಂಬುದು ಮನೆಯ ಕಟ್ಟಳೆ. ಒಂದು ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ, ಅಂಗಡಿಯ ಸಾಮಾನು ಇಳಿಸಿಕೊಳ್ಳುವ ಗಡಿಬಿಡಿಯಲ್ಲಿ, ಚಹಾ ಕುಡಿದುಬಿಟ್ಟೆ. ಆಮೇಲೆ ನೆನಪಾಗಿ ಗಾಬರಿಯಿಂದ ಕಾದೆ. ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ನಾನು ಇಂದಿಗೂ ಭಕ್ತನಾಗಿಯೇ ಇರುತ್ತಿದ್ದೆ. ಆಗದೇ ಹೋದದ್ದೇ ತೊಂದರೆಯಾಯಿತು. ಮರುದಿನವೂ ಕುಡಿದೆ. ಕ್ರಮೇಣ ಅಂಗೈಯಲ್ಲಿ ಲಿಂಗವಿಟ್ಟು ಕೂತರೆ, ಕೈಯಲ್ಲಿ ಒಂದು ಕಲ್ಲಿದೆ, ಎದುರಿಗೆ ನಾನಿದ್ದೇನೆ, ಇಬ್ಬರೂ ಯಾರನ್ನೋ ಕಾಯುತ್ತಿದ್ದೇವೆ ಎನಿಸತೊಡಗಿತು.

ನಮ್ಮ ಬಂಧುಗಳಲ್ಲಿ ಹೀಗಾದವರು ಬೇಕಾದಷ್ಟಿದ್ದಾರೆ. ಅವರು ಲಿಂಗವನ್ನು ಕೊರಳಲ್ಲೇ ಬಿಟ್ಟು ಸುಖವಾಗಿದ್ದಾರೆ. ನಾನು ಮಾತ್ರ ಪ್ರಾಮಾಣಿಕತೆ ಎಂಬ ರೋಗದವನು. ಲಿಂಗವನ್ನು ಅದರ ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರ ಸುತ್ತಿ, ಒಯ್ದು ಅಪ್ಪನ ಮುಂದಿಟ್ಟೆ. ಅಂಗಡಿಗೆ ಒಗ್ಗದ ಸರಕನ್ನು ವಾಪಸು ಮಾಡುವ ಹಾಗೆ.

ಅಪ್ಪ ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಆಮೇಲೆ ಹೇಳಿದ: “ಇದನ್ನ ಗುರು ಕೊಡ್ತಾರ, ಮಣ್ಣು ತಗೊಂತೈತಿ. ನಡುವ ತಗೊಳ್ಳೋರು ಯಾರೂ ಇಲ್ಲ.”

ನಮ್ಮವರನ್ನು ಹೂಳುವಾಗ ಲಿಂಗವನ್ನು ಎಡಗೈಯಲ್ಲಿ ಇಟ್ಟೇ ಹೂಳುತ್ತಾರೆ. ಹೆಣವೂ ಬಿಡದ್ದನ್ನು ನಾನು ಬಿಟ್ಟಿದ್ದೆ. ಅಪ್ಪ ಎದ್ದು ಒಳಗೆ ಹೋದ. ಹೋಗುವಾಗ ಕರಡಿಗೆಯನ್ನು ಎತ್ತಿಕೊಂಡ, ನನ್ನನ್ನು ಕಟ್ಟೆಯ ಮೇಲೇ ಬಿಟ್ಟ. ಬಾಗಿಲು ಹಾಕಿದ್ದೂ ಮೆಲ್ಲಗೆ. ಜೋರಾಗಿ ಹಾಕಿದ್ದರೆ ಜಗಳವೆಂದು ಲೆಕ್ಕ ಹಿಡಿದು ಹಬ್ಬಕ್ಕೆ ಮರಳಬಹುದಿತ್ತು.

ಅಂದಿನಿಂದ ನನಗೆ ಬೇಕಾದದ್ದು ಒಂದೇ. ಒಳಗೆ ಕರೆಯದಿದ್ದರೂ ಚಿಂತೆಯಿಲ್ಲ, ಅಪ್ಪ ಇನ್ನೊಮ್ಮೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬೇಕು. ಲಿಂಗ ಕಟ್ಟಿಕೊಂಡರೆ ಅಂದೇ ಆಗುವ ಕೆಲಸ. ಆದರೆ ಸುಳ್ಳು ಕಟ್ಟಿಕೊಂಡು ಅಪ್ಪನ ಮುಂದೆ ಕೂರುವುದು ನನ್ನಿಂದಾಗಲಿಲ್ಲ. ಮದುವೆಯೂ ಅಲ್ಲಿಗೇ ನಿಂತಿತು. ಲಿಂಗವಿಲ್ಲದ ವರನಿಗೆ ನಮ್ಮವರು ಹೆಣ್ಣು ಕೊಡಲಿಲ್ಲ, ಮಿಕ್ಕವರಿಗೆ ನಮ್ಮ ಮನೆತನದ ಹೆಸರೇ ಉಪವಾಸದಂತೆ ಕೇಳಿಸಿತು.

ಅವ್ವ ಮಾತ್ರ ಮಕ್ತಲದಲ್ಲಿ ಸಿಗುತ್ತಿದ್ದಳು. ಮಕ್ತಲ ನಾರಾಯಣಪೇಟೆಗೂ ಗದ್ವಾಲಕ್ಕೂ ನಡುವಿನ ಊರು. ಅಲ್ಲಿ ಯಾರ ಹೊಸ್ತಿಲೂ ಅಡ್ಡ ಬರುವುದಿಲ್ಲ. ತಂಗಿಯನ್ನು ನೋಡಿ ಬರುತ್ತೇನೆಂದು ಹೇಳಿ ಬಂದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಟ್ಟೆಯ ಗಂಟು ಇಡುತ್ತಿದ್ದಳು. ನಾನು ಉಣ್ಣುವಾಗ ತಾನು ಉಣ್ಣುತ್ತಿರಲಿಲ್ಲ, ಭವಿಯೊಡನೆ ಉಣ್ಣಬಾರದು. ಆದರೆ ನನ್ನ ಬಾಯಿಯನ್ನೇ ನೋಡುತ್ತ ತಾನೂ ಗುಟುಕು ನುಂಗುತ್ತಿದ್ದಳು. ನೇಮ ಉಳಿಯಿತು, ಊಟವೂ ಆಯಿತು.

ಅವಳನ್ನು ಮಕ್ತಲದವರೆಗೆ ತನ್ನ ಟ್ರಾಲಿಯಲ್ಲಿ ಮುಂದೆ ಕೂರಿಸಿಕೊಂಡು ಬರುತ್ತಿದ್ದವನು ಆ ಗೆಳೆಯನೇ. ನನಗೆ ಸಿಗುತ್ತಿದ್ದುದು ಒಂದು ಊಟದಷ್ಟು ಹೊತ್ತು. ಅವನಿಗೆ ಉಟ್ಕೂರು ದಾಟಿ ಬರುವ ಇಡೀ ದಾರಿ, ಮೇಲೆ ತಿರುಗಿ ಹೋಗುವ ದಾರಿ. ಅವ್ವನ ಮಂಡಿನೋವಿನ ವೃತ್ತಾಂತ ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಡಮಂಡಿಯೋ ಬಲಮಂಡಿಯೋ ಎಂದು ನಾನು ಒಮ್ಮೆ ತಪ್ಪಿದಾಗ ಅವನು ತಿದ್ದಿದ. ಆ ದಿನ ಅರ್ಧ ರೊಟ್ಟಿಯನ್ನು ಹಾಗೇ ಗಂಟಿಗೆ ಕಟ್ಟಿ ವಾಪಸು ಕೊಟ್ಟೆ.

“ಸುದ್ದಿ ಕೇಳಿದಿಯೇನು ದೋಸ್ತ,” ಎಂದು ಶುರುಮಾಡಿ ಅಪ್ಪ ತನಗೆ ಹೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದ. ಅಪ್ಪ ಪೂಜೆಗೆ ಕೂರಲು ತಾನು ನೇಯಿಸಿ ಕೊಟ್ಟ ಕಂಬಳಿಯನ್ನೇ ಬಳಸುತ್ತಾನೆ, ತನ್ನ ಹೊಲದ ಗಿಡದ ಬಿಲ್ವಪತ್ರೆಯೇ ಬೇಕೆನ್ನುತ್ತಾನೆ, ಮನೆಯಲ್ಲೇ ಉಳಿದ ನನ್ನ ತಮ್ಮನ ಅಂಗಡಿಯ ಸೀರೆಗಳ ಬಗ್ಗೆ ತನ್ನನ್ನೇ ಸಲಹೆ ಕೇಳುತ್ತಾನೆ. ಸೀರೆಯ ವಿಷಯದಲ್ಲಿ ಅವನಿಗಿದ್ದ ಜ್ಞಾನ ಕುರಿಗೆ ಸಂಗೀತದಲ್ಲಿ ಇರುವಷ್ಟು. ಆದರೂ ನಾನು ಕೇಳುತ್ತಿದ್ದೆ, ಬಾಯಿ ಮುಚ್ಚಿಕೊಂಡು, ಹುಣ್ಣು ಕೆರೆದುಕೊಳ್ಳುವವನ ಸುಖದಲ್ಲಿ.

ಹೋದ ವರ್ಷ ಬೇಸಿಗೆಯ ಕೊನೆಗೆ ಅವನು ಗದ್ವಾಲದ ನನ್ನ ಅಂಗಡಿಗೆ ಬಂದ. ಓದುವ ಕನ್ನಡಕ ಬೇಕೆಂದ. ಅವನು ಓದುವುದೇನೆಂದು ಕೇಳಿದೆ. ಫೋನು ಎಂದ. ಕನ್ನಡಿಯಲ್ಲಿ ಹತ್ತಾರು ಚೌಕಟ್ಟು ಹಾಕಿ ನೋಡಿಕೊಂಡು, ಯಾವುದರಲ್ಲಿ ತಾನು ತಾಲ್ಲೂಕಿನ ಅಧಿಕಾರಿಯ ಹಾಗೆ ಕಾಣುತ್ತೇನೆಂದು ನನ್ನಿಂದಲೇ ಹೇಳಿಸಿಕೊಂಡ. ಆಮೇಲೆ ವಿಷಯಕ್ಕೆ ಬಂದ. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದಾನೆ. ಮಿಕ್ಕಿದ್ದೆಲ್ಲ ಸರಿಯಾಗಿದೆ, ಎಡಗೈ ಮಾತ್ರ ಹಿಡಿತ ಕಳೆದುಕೊಂಡಿದೆ, ನಡುಗುತ್ತದೆ. ನನಗೆ ಬರಹೇಳಿದ್ದಾನೆ.

ಅಪ್ಪ ಕರೆದನೆಂಬ ಮಾತೂ ಇವನ ಬಾಯಿಂದಲೇ ಬರಬೇಕೇ ಎಂದು ಮೊದಲು ಉರಿಯಿತು. ಸಂತೋಷ ಆಮೇಲೆ ಬಂತು. ಕೈಗೂ ನನಗೂ ಏನು ಸಂಬಂಧವೆಂದು ಕೇಳಿದೆ.

“ನಿಮ್ಮಪ್ಪಾರು ದಿನಾ ಯಾಕ ಅಷ್ಟು ತಡಾ ಮಾಡಿ ಉಣ್ತಾರ, ಗೊತ್ತೈತೇನು ನಿನಗ?”

“ವಯಸ್ಸಾತು.”

“ವಯಸ್ಸಲ್ಲೋ. ಎರಡು ಪೂಜಿ. ತಮ್ಮದೊಂದು, ನಿಂದೊಂದು. ಪತ್ರಿ ಎರಡು ಪಾಲು ಕೊಡೋವ ನಾನ ಅದೀನಿ. ಅವ್ವಾರು ಆಣಿ ಹಾಕಿದ್ರು, ಅದಕ್ಕ ಬಾಯಿ ಬಿಟ್ಟಿದ್ದಿಲ್ಲ.”

ಲಿಂಗ ಒಂದು ದಿನವೂ ಪೂಜೆಯಿಲ್ಲದೆ ಇರುವಂತಿಲ್ಲ. ನಾನು ವಾಪಸು ಕೊಟ್ಟ ದಿನದಿಂದ ಅಪ್ಪ ಗುರುವಿನ ಅಪ್ಪಣೆ ಪಡೆದು, ತನ್ನ ಪೂಜೆ ಮುಗಿಸಿ, ನನ್ನ ಲಿಂಗವನ್ನು ತನ್ನ ಎಡ ಅಂಗೈಗೆ ತೆಗೆದುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ದಿಟ್ಟಿಸುತ್ತ ಕೂರುತ್ತಿದ್ದನಂತೆ. ಅಲ್ಲಿಯವರೆಗೂ ಹನಿ ನೀರಿಲ್ಲ.

ಓದುಗರು ಇಲ್ಲಿ ನನ್ನ ಕಣ್ಣು ತುಂಬಿತೆಂದು ನಿರೀಕ್ಷಿಸಬಹುದು. ತುಂಬಿದ್ದು ಹೊಟ್ಟೆ, ಕಿಚ್ಚಿನಿಂದ. ನಾನು ಮಕ್ತಲದ ಕಲ್ಲುಬೆಂಚಿನ ಮೇಲೆ ಕೂತು ಅಪ್ಪ ಹೇಗಿದ್ದಾನೆಂದು ಕಂಡವರನ್ನು ಕೇಳುತ್ತಿದ್ದಾಗ, ನನ್ನ ಹೆಸರಿನ ಆ ಕಲ್ಲು ದಿನವೂ ಅಪ್ಪನ ಕೈಯಲ್ಲಿ ಸ್ನಾನ ಮಾಡುತ್ತಿತ್ತು! ಕುರಿ ವ್ಯಾಪಾರಿಯ ಮೇಲೆ ಕುದಿಯುತ್ತ ಎಷ್ಟು ವರ್ಷ ಹಾಳುಮಾಡಿದೆ. ಮುಖ್ಯ ಪ್ರತಿಸ್ಪರ್ಧಿ ಒಳಗೆ ಬೆಳ್ಳಿಯ ಕರಡಿಗೆಯಲ್ಲಿ ಮಲಗಿದ್ದ.

ಸೋಮವಾರ ನಾರಾಯಣಪೇಟೆಗೆ ಹೋದೆ. ಅಪ್ಪ ಬಾಗಿಲಿನ ಒಳಗೆ ಕಂಬಳಿಯ ಮೇಲೆ ಕೂತಿದ್ದ, ಎಡಗೈ ತೊಡೆಯ ಮೇಲೆ ಬಿಟ್ಟಿದ್ದ. ನನಗೆ ಕಟ್ಟೆಯ ಮೇಲೆ ಇನ್ನೊಂದು ಕಂಬಳಿ ಹಾಸಿತ್ತು. ನಡುವೆ ಹೊಸ್ತಿಲು. ಅವ್ವ ಒಳಗೆ ಗೋಡೆಗೆ ಒರಗಿ ನಿಂತಿದ್ದಳು. ಅಪ್ಪ ಸಣ್ಣಗಾಗಿದ್ದ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದ. ಮಗನ ಅಂಗಡಿಯ ಕನ್ನಡಕ ಹಾಕಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ.

ಅಪ್ಪ ಕುಶಲ ಕೇಳಲಿಲ್ಲ. ಕರಡಿಗೆಯನ್ನು ಹೊಸ್ತಿಲ ಮೇಲೆ ಇಟ್ಟ. “ನನ್ನ ಕೈ ತೀರಿತು. ಕಟ್ಟಿಕೋ, ಇಲ್ಲಾ ಒಯ್ದು ಹೊಳಿಗೆ ಬಿಡು,” ಎಂದ.

ಗದ್ವಾಲದ ದಾರಿಯಲ್ಲಿ ಕೃಷ್ಣೆ ಸಿಗುತ್ತಾಳೆ. ಬಸ್ಸಿನ ಕಿಟಕಿಯಿಂದ ಕೈ ಬೀಸಿದರೆ ಕೆಲಸ ಮುಗಿಯುತ್ತದೆ; ಅದರ ಜೊತೆ ನನ್ನನ್ನು ಈ ಮನೆಗೆ ಕಟ್ಟಿದ್ದ ಕೊನೆಯ ಎಳೆಯೂ ಮುಗಿಯುತ್ತದೆ. ಕಟ್ಟಿಕೊಂಡರೆ ಈಗಲೇ ಒಳಗೆ, ಅವ್ವನ ಒಲೆಯ ಪಕ್ಕ. ನಾನು ತಮ್ಮನ ಹೆಸರೆತ್ತಿದೆ. ಅವನು ಮನೆಯಲ್ಲೇ ಇದ್ದಾನಲ್ಲ, ಲಿಂಗವಂತನೇ ಅಲ್ಲವೇ, ಅವನು ಮಾಡಲಿ ಎಂದೆ. ಅಪ್ಪನ ಮುಖದಲ್ಲಿ ಮೊದಲ ಸಲ ಜೀವ ಬಂತು. ತಮ್ಮ ಒಂದು ಕಣ್ಣು ಲಿಂಗದ ಮೇಲೆ, ಇನ್ನೊಂದು ಕಣ್ಣು ಫೋನಿನ ಮೇಲೆ ಇಟ್ಟು, ಹಲ್ಲುಜ್ಜುವಷ್ಟರಲ್ಲಿ ಪೂಜೆ ಮುಗಿಸುತ್ತಾನಂತೆ. ಈ ಒಂದು ವಿಷಯದಲ್ಲಿ ನನ್ನ ತೂಕವೇ ಹೆಚ್ಚಿತ್ತು: ನಾನು ಮಾಡಿದಷ್ಟು ದಿನ ಸರಿಯಾಗಿ ಮಾಡಿದ್ದೆ.

“ಕಟ್ಟಿಕೊಳ್ಳಾಕ ಆಗಂಗಿಲ್ಲ ಅಪ್ಪಾ,” ಎಂದೆ. “ಹೊಳಿಗೆ ಬಿಡಾಕೂ ಆಗಂಗಿಲ್ಲ.”

ಅವ್ವ ಗೋಡೆಯ ಕಡೆಯಿಂದ, ಯಾರಿಗೂ ಅಲ್ಲದ ಹಾಗೆ, “ಕೈ ಕೊಡಾಕ ಆಗತೈತೇನು ಕೇಳ್ರಿ,” ಎಂದಳು.

ಅಪ್ಪ ನನ್ನ ಕೈಯ ಕಡೆ ನೋಡಿದ. ಅವನು ಯೋಚಿಸುವಾಗ ಮೂಗಿನಿಂದ ಸಣ್ಣ ಶಬ್ದ ಬರುತ್ತದೆ. ಅದನ್ನು ನಾನು ಮರೆತೇಬಿಟ್ಟಿದ್ದೆ. ಕೊನೆಗೆ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ದನಿಯಲ್ಲಿ, ಎಡಗೈ ಸರಿಯಿದೆಯೇ ಎಂದು ಕೇಳಿದ. ಇದೆ ಎಂದೆ. ನಡುಗುತ್ತದೆಯೇ ಎಂದ. ಇಲ್ಲ ಎಂದೆ.

“ದೀಕ್ಷಾ ಆದಾಗ ಗುರು ಇದನ್ನ ಆ ಕೈಯಾಗ ಇಟ್ಟಾರ,” ಎಂದ. “ಬ್ಯಾಡ ಅಂದೋನು ನೀನು. ಕೈ ಏನೂ ಅಂದಿಲ್ಲ. ಇತ್ತ ಚಾಚು. ಕಣ್ಣು ಮುಚ್ಚು. ತೆರೆದಿ ಅಂದ್ರ ಎದ್ದು ಹೋಗು.”

ಹೀಗೆ ಒಂದು ಶಾಸ್ತ್ರೋಕ್ತ ತೀರ್ಪು ಹೊರಬಿತ್ತು. ನಾನು ಕಟ್ಟೆಯ ಮೇಲೆ, ಕೈ ಮನೆಯೊಳಗೆ. ಅವ್ವ ಕೈಯನ್ನು ತೊಳೆದಳು, ಅಪ್ಪ ವಿಭೂತಿ ಹಚ್ಚಿದ. ಅಂಗೈ ಮೇಲೆ ಲಿಂಗದ ತಂಪು ಬಂತು. ನೀರು ಬೆರಳ ಸಂದಿಯಿಂದ ಇಳಿಯಿತು. ಪತ್ರೆಯ ಎಲೆ, ಆಮೇಲೆ ಅಪ್ಪನ ಬಲಗೈಯ ಬೆರಳುಗಳು. ಕೆಳಗಿನಿಂದ ಅಪ್ಪನ ಎಡಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಹಿಡಿಯಲಾರದ ಕೈ, ಆದರೂ ಹಿಡಿದಿತ್ತು. ಮುಚ್ಚಿದ ಕಣ್ಣೊಳಗೆ ಬೆಳಕು ಕೆಂಪಗಿತ್ತು. ಊರಿಗೆಲ್ಲ ದೃಷ್ಟಿ ಮಾರುವವನು ನಾನು, ಒಂದು ಸಲವೂ ತೆರೆದು ನೋಡಲಿಲ್ಲ. ದೇವರಿಗೆ ಹೆದರಿ ಅಲ್ಲ. ತೆರೆದರೆ ಆ ಬೆರಳುಗಳು ಎದ್ದು ಹೋಗುತ್ತಿದ್ದವು.

ಅಂದಿನಿಂದ ಸೋಮವಾರಗಳು ನನ್ನವು. ಉಳಿದ ದಿನ ತಮ್ಮನ ಫೋನಿನ ನೆರಳಲ್ಲಿ ಲಿಂಗ ಹೇಗೋ ಕಾಲ ಹಾಕುತ್ತದೆ. ಪೂಜೆ ಮುಗಿದ ಮೇಲೆ ಅಪ್ಪ ಒಳಗೆ ಉಣ್ಣಲು ಹೋಗುತ್ತಾನೆ, ನನಗೆ ಕಟ್ಟೆಯ ಮೇಲೆ ತಾಟು ಬರುತ್ತದೆ. ಮಾತು ಇನ್ನೂ ಬಂದಿಲ್ಲ. “ಕೈ ಇಳಿಸಬ್ಯಾಡ,” “ನೆಟ್ಟಗ ಹಿಡಿ,” ಇಷ್ಟೇ. ಅದೂ ಕೈಗೆ ಹೇಳುವ ಮಾತು.

ಗೂಡಿನಲ್ಲಿ ಈಗ ಎರಡು ತಾಟು. ಗೆಳೆಯ ತನ್ನದನ್ನು ತೊಳೆದ ನೀರು ಕುಡಿದು, ಹೊಸ ಕನ್ನಡಕದ ಮೇಲಿಂದ ನನ್ನ ಅಂಗೈಯ ವಿಭೂತಿಯನ್ನು ನೋಡಿದ.

“ಈ ತಾಟಿನ ಮ್ಯಾಲ ನಿನಗ ಹೊಟ್ಟಿಕಿಚ್ಚಿತ್ತು, ನನಗ ಗೊತ್ತೈತಿ,” ಎಂದ. “ನಮ್ಮ ಅಜ್ಜ ಇಲ್ಲೇ ಉಂಡ, ನಮ್ಮಪ್ಪ ಇಲ್ಲೇ ಉಂಡ. ನೀ ಬಿಟ್ಟು ಹೋಗಿ ಬಂದಿ, ಒಂದು ಕೈ ಒಳಗ ಹೋತು. ನಮ್ಮದು ಉಗುರೂ ಹೋಗಿಲ್ಲ ದೋಸ್ತ.”

ನಗುತ್ತಲೇ ಹೇಳಿದ. ಅವನು ನನ್ನ ಮೇಲೆ ಹೊಟ್ಟೆಕಿಚ್ಚು ಪಡಬೇಕೆಂದು ಎಷ್ಟು ವರ್ಷ ಹಾರೈಸಿದ್ದೆ. ಬಂದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನನ್ನ ತಾಟನ್ನು ತೊಳೆದು ಅವನದರ ಪಕ್ಕ ಇಟ್ಟೆ.

ಸಂಜೆ ಮಕ್ತಲದಲ್ಲಿ ಬಸ್ಸು ಬದಲಿಸಿ ಗದ್ವಾಲಕ್ಕೆ ಹೊರಡುತ್ತೇನೆ. ನಿಂತು ಹೋಗುವುದಾದರೆ ಬಲಗೈಯಿಂದಲೇ ಕಂಬಿ ಹಿಡಿಯುತ್ತೇನೆ. ಸೀಟು ಸಿಕ್ಕರೆ ಎಡಗೈಯನ್ನು ತೊಡೆಯ ಮೇಲೆ ಮಲಗಿಸಿ, ಮಣಿಕಟ್ಟಿನಲ್ಲಿ ಅಪ್ಪ ಹಿಡಿದ ಜಾಗವನ್ನು ನೋಡುತ್ತ ಕೂರುತ್ತೇನೆ. ನನ್ನದೇ ಕೈ, ಆದರೆ ಒಳಗೆ ಹೋಗಿ ಬಂದದ್ದು ಅದು, ನಾನಲ್ಲ. ಕೃಷ್ಣೆಯ ಸೇತುವೆ ಬರುವ ಹೊತ್ತಿಗೆ, ಊರಿಂದ ಬಂದವರನ್ನು ಎಲ್ಲ ಕಾಲಕ್ಕೂ ಕೇಳುತ್ತ ಬಂದ ಮಾತನ್ನು ಈ ಕೈಗೂ ಕೇಳಬೇಕೆನಿಸುತ್ತದೆ: ಅಪ್ಪ ಹೇಗಿದ್ದಾನೆ?