ಮುನಿಸ್ವಾಮಿಯವರು ಕಾಣದ ಗೆರೆ

ಯಾರಾದರೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಶಿವಮೊಗ್ಗದ ನಮ್ಮ ಕಾಲೇಜಿಗೆ ಬಂದರೆ ಮುನಿಸ್ವಾಮಿಯವರು ಅದನ್ನು ಈಸಿಕೊಂಡು ಪರೀಕ್ಷೆ ಮಾಡದೆ ಬಿಡುತ್ತಿರಲಿಲ್ಲ. ಜೇಬಿನಲ್ಲಿದ್ದ ಪೋಲರಾಯ್ಡ್ ಚೂರನ್ನು ಅದರ ಮುಂದೆ ಹಿಡಿದು ತಿರುಗಿಸುವರು. ಕತ್ತಲಾದರೆ ಅಸಲಿ ಪೋಲರಾಯ್ಡ್ ಗಾಜು. ಆಗದಿದ್ದರೆ, "ಬರೀ ಬಣ್ಣ ಸಾರ್, ಟೋಪಿ ಹಾಕಿದಾರೆ." ಪ್ರಿನ್ಸಿಪಾಲರ ಹೊಸ ಕನ್ನಡಕಕ್ಕೂ ಇದೇ ತೀರ್ಪು ಸಿಕ್ಕಿತ್ತು. ಆ ವರ್ಷ ಮುನಿಸ್ವಾಮಿಯವರ ರಜೆ ಅರ್ಜಿಗಳಿಗೆ ಸಹಿ ಬೀಳುವುದು ಬಹಳ ತಡವಾಯಿತು.

ಅವರು ಭೌತಶಾಸ್ತ್ರ ವಿಭಾಗದ ಅಟೆಂಡರ್. ದಿನಾ ಭದ್ರಾವತಿಯಿಂದ ರೈಲಿನಲ್ಲಿ ಬರುತ್ತಿದ್ದರು. ನಾನು ತೊಂಬತ್ತರ ದಶಕದ ಕೊನೆಯಲ್ಲಿ, ಎಂಎಸ್‌ಸಿ ಚಿನ್ನದ ಪದಕದ ಗತ್ತಿನಲ್ಲಿ, ಅಲ್ಲಿ ಲೆಕ್ಚರರಾಗಿ ಸೇರಿದೆ. ಅವರು ಪಿಯುಸಿ ಫೇಲು. ಯಾರು ಯಾರಿಗೆ ಪಾಠ ಹೇಳಬೇಕು ಎನ್ನುವುದು ಒಂದೇ ವಾರದಲ್ಲಿ ಇತ್ಯರ್ಥವಾಯಿತು.

ನಮ್ಮ ಲ್ಯಾಬುಗಳಲ್ಲಿ ಒಂದು ಪದ್ಧತಿಯಿದೆ. ಪುಸ್ತಕದ ಉತ್ತರ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವುದು. ನಾನೂ ಹಾಗೆಯೇ ಪದಕ ಗೆದ್ದವಳು. ಮುನಿಸ್ವಾಮಿಯವರಿಗೆ ಮಾತ್ರ ಇದನ್ನು ಕಂಡರೆ ಮೈ ಉರಿಯುತ್ತಿತ್ತು. "ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅಂತ ಬರಿ ಮಾರಾಯ. ಸುಳ್ಳು ಬರೆಯೋಕೆ ಇಷ್ಟು ದೊಡ್ಡ ಮಿಷನ್ ಯಾಕೆ ಬೇಕು?" ಎಂದು ಹುಡುಗರನ್ನು ಗದರುವರು. ಹುಡುಗರು ನನ್ನ ಮುಖ ನೋಡುವರು. ನಾನು ಕಿಟಕಿ ನೋಡುವೆ.

ಅವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ. ಬಿಸಿಲನ್ನು ಬಣ್ಣಬಣ್ಣವಾಗಿ ಹರಡಿದರೆ ನಡುನಡುವೆ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಕೆಲವು ಗೆರೆ ಸೂರ್ಯನಲ್ಲಿರುವ ಕಬ್ಬಿಣದ ಆವಿಯವು. ಸೂರ್ಯನ ಕಲೆಗಳಲ್ಲಿ ಭಾರಿ ಅಯಸ್ಕಾಂತ ಬಲವಿದ್ದು, ಅಲ್ಲಿ ಒಂದು ಗೆರೆ ಸೀಳಿ ಎಡಕ್ಕೊಂದು ಬಲಕ್ಕೊಂದು ಆಗುತ್ತದೆ. ಒಂದರ ಬೆಳಕು ಒಂದು ದಿಕ್ಕಿಗೆ ಸುತ್ತಿದರೆ ಇನ್ನೊಂದರದ್ದು ಅದರ ವಿರುದ್ಧ ದಿಕ್ಕಿಗೆ. ಅಭ್ರಕದ ತೆಳು ಹಾಳೆ, ಪೋಲರಾಯ್ಡ್ ಎರಡನ್ನೂ ಅಡ್ಡ ಹಿಡಿದು ಪೋಲರಾಯ್ಡ್ ತಿರುಗಿಸಿದರೆ ಒಂದು ಮರೆಯಾಗಿ ಇನ್ನೊಂದು ಉಳಿದು, ಗೆರೆ ಜರುಗಿದಂತೆ ಕಾಣಬೇಕು. ಅಭ್ರಕವಿಲ್ಲದೆ ಬರೀ ಪೋಲರಾಯ್ಡ್ ತಿರುಗಿಸಿದರೆ ಗೆರೆ ಅಲುಗದು. "ನಮ್ಮಪ್ಪ ಕಬ್ಬಿಣ ಕರಗಿಸಿದೋನು ಮೇಡಂ. ಅಲ್ಲಿರೋದೂ ನಮ್ಮ ಪೈಕೀನೇ. ಒಂದ್ಸಲ ನೋಡ್ಬೇಕು," ಎನ್ನುತ್ತಿದ್ದರು.

ಕೆಟ್ಟ ಇಸ್ತ್ರಿಪೆಟ್ಟಿಗೆಯ ಅಭ್ರಕವನ್ನು ಬ್ಲೇಡಿನಿಂದ ಸೀಳಿ ಸೀಳಿ ಹದಕ್ಕೆ ತಂದರು. ಗುಜರಿಯಿಂದ ಮಸೂರ ತಂದರು. ಎಲ್ಲ ಕೂಡಿ ಬರಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಿವೃತ್ತಿಗೆ ನಾಲ್ಕು ದಿನವಿದ್ದಾಗ ಸೂರ್ಯನ ನಟ್ಟನಡುವೆ ದೊಡ್ಡ ಕಲೆಯೊಂದು ಕಾಣಿಸಿಕೊಂಡಿತು. "ನನ್ನ ಕಣ್ಣು ಹೋಯ್ತು ಮೇಡಂ. ನೀವು ನೋಡಿ ಹೇಳಿ, ಸಾಕು," ಎಂದರು.

ಕತ್ತಲೆ ಕೋಣೆಯಲ್ಲಿ ಸಲಕರಣೆಗೆ ಕಣ್ಣಿಟ್ಟು ಕೂತೆ. ಅವರು ಒಂದು ಕೈಯಲ್ಲಿ ಬಿಸಿಲನ್ನು ಒಳಗೆ ತರುವ ಕನ್ನಡಿ ಸರಿಪಡಿಸುತ್ತಾ ಇನ್ನೊಂದರಲ್ಲಿ ಪೋಲರಾಯ್ಡ್ ತಿರುಗಿಸಿದರು. ಗೆರೆ ಕಲ್ಲಿನಂತೆ ಕೂತಿತ್ತು.

"ಜರುಗ್ತಾ?"

ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. "ಹೂಂ ಮುನಿಸ್ವಾಮಿಯವರೇ, ಜರುಗ್ತು," ಎಂದೆ.

ಅವರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಬಿಡಿಸಿ, ಅಭ್ರಕದ ಹಾಳೆಯನ್ನು ಅದರ ಜಾಗದಲ್ಲಿಟ್ಟರು. "ಮೊದಲು ಇದಿಲ್ದೆ ನೋಡೋದು ಕ್ರಮ ಮೇಡಂ. ಈಗ ನೋಡಿ."

ಮತ್ತೆ ತಿರುಗಿಸಿದರು. ಗೆರೆ ಕೂದಲೆಳೆಯಷ್ಟು ಎಡಕ್ಕೆ ಹೋಯಿತು. ತಿರುಗಿಸಿದರು, ಬಲಕ್ಕೆ ಬಂತು. "ಜರುಗ್ತು! ದೇವರಾಣೆ, ಈಗ ನಿಜವಾಗಿ ಜರುಗ್ತು," ಎಂದು ಕೂಗಿದೆ.

"ಹೌದಾ," ಎಂದು ಕನ್ನಡಿ ಬಿಚ್ಚತೊಡಗಿದರು.

ನಾಲ್ಕೇ ದಿನ. ಮೋಡ ಮುಚ್ಚಿತು, ಕಲೆಯೂ ಸೂರ್ಯನ ಅಂಚಿನತ್ತ ಸರಿಯಿತು, ಅವರೂ ನಿವೃತ್ತರಾಗಿ ಹೋದರು.

ಎರಡು ವರ್ಷದ ಮೇಲೆ ಭದ್ರಾವತಿಯ ಹಳೇನಗರದಲ್ಲಿ ಅವರ ಮನೆಗೆ ಹೋಗಿದ್ದೆ. ಪೊರೆಯ ಆಪರೇಷನ್ ಆಗಿ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಸಲಕರಣೆ ಕಾಲೇಜಿನ ಬೀರುವಿನಲ್ಲಿತ್ತು, ಸೂರ್ಯನಲ್ಲಿ ಕಲೆ ಕಾಣುವುದೇ ಅಪರೂಪವಾಗಿತ್ತು. ಕೂತವಳೇ ಹೇಳಿದೆ: "ಅವತ್ತು ಎರಡನೇ ಸಲ ನಾನು ಹೇಳಿದ್ದು ನಿಜ. ನಂಬಿ."

ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಅದೇ ನನ್ನನ್ನು ಈಗಲೂ ಸುಡುತ್ತದೆ.

"ಇರ್ಬೋದು ಮೇಡಂ," ಎಂದರು. "ಕಾಫಿ ಆರ್ತಾ ಇದೆ, ತಗೊಳ್ಳಿ."